ಅರ್ಜಿಯಲ್ಲಿ ‘ಡು ನಾಟ್ ಅಬ್ರಿವಿಯೇಟ್’ ಅಂತ ಕಂಡರೆ

ಅಬ್ರಿವಿಯೇಟ್ ಅಂದರೆ ಪದವನ್ನೋ ಹೆಸರನ್ನೋ ಮೊಟಕು ಮಾಡಿ ಬರೆಯುವುದು. ಡಾಕ್ಟರ್‌ಗೆ ಡಾ., ನಂಬರ್ ಪ್ಲೇಟಿನಲ್ಲಿ ಕರ್ನಾಟಕಕ್ಕೆ ಕೆಎ, ಹೀಗೆ. ಪ್ಯಾನ್ ಅರ್ಜಿಯ ಪೂರ್ತಿ ಹೆಸರಿನ ಜಾಗದಲ್ಲಿ ಮಾತ್ರ ಇದು ನಡೆಯುವುದಿಲ್ಲ. ನಮ್ಮ ಕಡೆ ಊರು, ಅಪ್ಪನ ಹೆಸರು ಎಲ್ಲ ಇನಿಶಿಯಲ್‌ನಲ್ಲೇ ಇರುತ್ತವೆ ಅಲ್ವಾ? ‘ಕೆ. ರಮೇಶ್’ ಅಂದರೆ ಸಾಲದು. ಆ ‘ಕೆ’ ಕೃಷ್ಣಪ್ಪನೋ ಕೋಲಾರವೋ, ಬಿಡಿಸಿ ಬರೆಯಿರಿ. ಅದು ಗುರುತಿನ ದಾಖಲೆಗೂ ಹೊಂದಬೇಕು. ಆಧಾರ್‌ನಲ್ಲಿ ಬರೀ ಇನಿಶಿಯಲ್ ಇದ್ದರೆ ಮೊದಲು ಅದನ್ನು ತಿದ್ದಿಸಿಕೊಳ್ಳಿ, ಸುಮ್ನೆ ಓಡಾಟ ತಪ್ಪುತ್ತದೆ. ಪಾಸ್‌ಪೋರ್ಟ್ ಅರ್ಜಿಗೂ ಇದೇ ಮಾತು.

ಇನ್ನು, ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಈ ಪದ ಹೊಂದುವುದಿಲ್ಲ. ಅದಕ್ಕೆ ಶಾರ್ಟನ್. ದಪ್ಪ ಪುಸ್ತಕವನ್ನು ಚಿಕ್ಕದು ಮಾಡಿದರೆ ಅಬ್ರಿಜ್.