ಹಿಮದಡಿಯ ಸಕ್ಕರೆ: ಚಳಿಗಾಲದ ಚಾರಣಕ್ಕೆ ಮುನ್ನ

ಹಿಮಾಲಯಕ್ಕೆ ಹೊರಟ ಮೈಸೂರಿನವರು ವಾರಗಟ್ಟಲೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಕಾಲು ಗಟ್ಟಿ ಮಾಡಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಹಿಮಕುಸಿತ ಕಾಲಿನ ಬಲ ನೋಡುವುದಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಲುಕಿದವರು ಪರ್ವತಾರೋಹಣ ತರಬೇತಿಯಲ್ಲಿದ್ದವರೇ.

ಮೊದಲ ಪಾಠ ಅಡುಗೆಮನೆಯಲ್ಲೇ. ತಟ್ಟೆಯಲ್ಲಿ ಮಂಡ್ಯದ ಸಕ್ಕರೆ ತೆಳ್ಳಗೆ ಹರಡಿ, ಮೇಲೊಂದು ರಟ್ಟಿನ ಪುಸ್ತಕವಿಟ್ಟು ಮೆಲ್ಲಗೆ ಓರೆ ಮಾಡಿ. ಪುಸ್ತಕ ಇಡಿಯಾಗಿ ಜಾರುತ್ತದೆ. ಬೆಟ್ಟದಲ್ಲೂ ಹೀಗೆಯೇ. ಹಿಮದ ಹೊದಿಕೆ ತೆಳುವಾಗಿದ್ದು ಚಳಿ ಕಡುವಾದರೆ, ನೆಲದ ಬಿಸುಪಿಗೆ ಆವಿ ಮೇಲೇರಿ ತಳದ ಹಿಮ ಒಂದಕ್ಕೊಂದು ಅಂಟದ ಹರಳುಗಳಾಗುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದು ಗಾಳಿಗೆ ಹಲಗೆಯಂತೆ ಬಿಗಿದುಕೊಂಡರೆ, ಜಾರಿಸಲು ಒಬ್ಬ ಚಾರಣಿಗನ ಭಾರವೇ ಸಾಕು.

ಹಲಗೆ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಊರುಗೋಲನ್ನು ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನಿಟ್ಟು ಕೋನ ಅಳೆಯಿರಿ. ಕಣ್ಣಂದಾಜು ಬಲು ಮೋಸ. ಪಾಂಡವಪುರದ ಕುಂತಿಬೆಟ್ಟದ ಬಂಡೆಗಳ ಮೇಲೆ ಮೊದಲು ಊಹಿಸಿ, ಆಮೇಲೆ ಅಳೆದು ನೋಡಿ, ಗೊತ್ತಾಗುತ್ತದೆ. ನೀವು ನಿಂತ ಜಾಗ ಸಮತಟ್ಟಾಗಿದ್ದರೆ ಸಾಲದು, ತಲೆಯ ಮೇಲಿನ ಇಳಿಜಾರನ್ನೂ ನೋಡಿ. ಅದರ ಕೆಳಗೆ ಡೇರೆ ಹಾಕಬೇಡಿ.

ಜೋರು ಹಿಮ ಬಿದ್ದ ಮೊದಲ 24–48 ಗಂಟೆ ಕಾಯಿರಿ. ತಳದಲ್ಲಿ ಹರಳಿದ್ದರೆ ಅಷ್ಟೂ ಸಾಲದು. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹೊರಡಿಸುವ ಹಿಮಕುಸಿತ ಮುನ್ಸೂಚನೆ ಓದಿ. ಅಪಾಯ ಸೂಚಿಸುವ ಐದರ ಮಾಪಕದಲ್ಲಿ 3 ನಡುವಿನ ಅಂಕಿ ಎಂದು ಹಗುರವಾಗಿ ಕಾಣಬೇಡಿ, ಅನೇಕ ಸಾವುಗಳು ಆಗುವುದು ಆ ಮಟ್ಟದಲ್ಲೇ. ಕಾಲಡಿ ‘ಧಪ್’ ಎಂದು ಹಿಮ ಕುಗ್ಗಿದರೆ ಅಥವಾ ಬಿರುಕು ಓಡಿದರೆ ಚರ್ಚೆ ಬೇಡ, ಬಂದ ಹೆಜ್ಜೆಯಲ್ಲೇ ಹಿಂದಿರುಗಿ.

ಇಳಿಜಾರನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಲಿ.

ಪ್ರತಿಯೊಬ್ಬರ ಬಳಿಯೂ 457 ಕಿಲೋಹರ್ಟ್ಸ್‌ನ ಬೀಕನ್ (ಹೂತವರಿರುವ ಜಾಗ ತಿಳಿಸುವ ರೇಡಿಯೊ ಸಾಧನ), ಮಡಚುವ ಶೋಧಕೋಲು, ಲೋಹದ ಸಲಿಕೆ ಇರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಹೆಚ್ಚು ನೆರವಾಗವು. ಹಿಮದಡಿ ಹೂತವರನ್ನು ಹುಡುಕುವಾಗ ಫೋನನ್ನು ಬೀಕನ್‌ನಿಂದ ಕನಿಷ್ಠ 50 ಸೆಂ.ಮೀ. ದೂರವಿಡಿ, ಇಲ್ಲದಿದ್ದರೆ ಸಂಕೇತ ಕೆಡುತ್ತದೆ. ಸುಮಾರು 15 ನಿಮಿಷ ಮೀರಿದರೆ ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ಕೋಲು ತಗುಲಿದರೆ ಅಲ್ಲೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅಗೆಯಿರಿ. ಮುಖ ಕಂಡ ಕೂಡಲೇ ಬಾಯಿ, ಮೂಗಿನ ಹಿಮ ತೆಗೆಯಿರಿ. ಮಿಕ್ಕ ಮೈ ಆಮೇಲೆ.