ಮಾನಸಿಕ ಕಾಯಿಲೆ ಉಲ್ಬಣಿಸಿದಾಗ ಮನೆಯ ಮಕ್ಕಳನ್ನು ಕಾಯುವುದು ಹೇಗೆ

ಮಾನಸಿಕ ಕಾಯಿಲೆ ಇರುವ ತಂದೆತಾಯಂದಿರಲ್ಲಿ ಬಹುಪಾಲು ಜನರಿಂದ ಮಕ್ಕಳಿಗೆ ಯಾವ ಅಪಾಯವೂ ಇಲ್ಲ. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದೂ ಔಷಧ ತೆಗೆದುಕೊಂಡು ಮಕ್ಕಳನ್ನು ಚೆನ್ನಾಗಿ ಬೆಳೆಸಿದವರು ಎಷ್ಟೋ ಮಂದಿ. ಇಲ್ಲಿ ಹೇಳುತ್ತಿರುವುದು ಬೇರೆ ಹೊತ್ತಿನ ಮಾತು: ಕಾಯಿಲೆ ಉಲ್ಬಣಿಸಿ, ಯಾವುದು ನಿಜ ಯಾವುದು ಅಲ್ಲ ಎಂಬ ಅರಿವು ತಪ್ಪಿ, ಆ ಭ್ರಮೆಯೊಳಗೆ ಮಗುವೂ ಸೇರಿಕೊಂಡಿರುವ ಹೊತ್ತು. ಆ ದಿನಗಳಲ್ಲಿ ರೋಗಿಗೆ ತನ್ನ ಮೇಲೇ ಹಿಡಿತವಿರುವುದಿಲ್ಲ. ಹಿಡಿತ ಇರಬೇಕಾದದ್ದು ಸುತ್ತಲಿನವರಿಗೆ.

2001ರ ಜೂನ್ 20ರಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಂಡ್ರಿಯಾ ಯೇಟ್ಸ್ ಎಂಬ ತಾಯಿಯ ಕೈಯಲ್ಲೇ ಅವಳ ಐವರು ಮಕ್ಕಳು ಸತ್ತರು. ಕಾಯಿಲೆ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ. ಹಿಂದೆ ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆ ಸೇರಿದ್ದಳು. ಮತ್ತೆ ಗರ್ಭಿಣಿಯಾದರೆ ಕಾಯಿಲೆ ಮರುಕಳಿಸುತ್ತದೆಂದು ಮನೋವೈದ್ಯರು ಎಚ್ಚರಿಸಿದ್ದರು. ಆ ತಿಂಗಳ ಮೊದಲ ವಾರದಲ್ಲಿ ಸೈಕೋಸಿಸ್‌ನ, ಅಂದರೆ ನಿಜದ ಅರಿವು ತಪ್ಪುವ ಸ್ಥಿತಿಯ, ಔಷಧವನ್ನು ನಿಲ್ಲಿಸಲಾಗಿತ್ತು. ಅವಳನ್ನು ಒಬ್ಬಳೇ ಬಿಡಬಾರದು ಎಂಬ ಸೂಚನೆಯೂ ಇತ್ತು. ಗಂಡ ಕೆಲಸಕ್ಕೆ ಹೊರಟ ಮೇಲೆ ಅತ್ತೆ ಬರುವವರೆಗೆ ಸುಮಾರು ಒಂದು ಗಂಟೆ ಮನೆಯಲ್ಲಿ ಬೇರೆ ದೊಡ್ಡವರು ಯಾರೂ ಇರಲಿಲ್ಲ. ಆ ಒಂದು ಗಂಟೆಯಲ್ಲಿ ಎಲ್ಲವೂ ನಡೆದುಹೋಯಿತು. ಮುಂದೆ ಹೇಳುವ ಏರ್ಪಾಡುಗಳ ಗುರಿ ಒಂದೇ: ಅಂಥ ಖಾಲಿ ಗಂಟೆ ಮನೆಯಲ್ಲಿ ಉಳಿಯದಂತೆ ನೋಡಿಕೊಳ್ಳುವುದು.

ಯಾವಾಗ ಎಚ್ಚರವಾಗಬೇಕು

ಮೊದಲು ನಿದ್ದೆಯನ್ನು ಗಮನಿಸಿ. ಮಗು ಎಬ್ಬಿಸುತ್ತದೆ ಎಂದು ನಿದ್ದೆಗೆಡುವುದು ಎಲ್ಲ ಬಾಣಂತಿಯರಿಗೂ ಇದ್ದದ್ದೇ. ಮಗು ಮಲಗಿದ್ದರೂ, ಬೇರೆಯವರು ಮಗುವನ್ನು ನೋಡಿಕೊಳ್ಳುತ್ತಿದ್ದರೂ, ಎರಡು ಮೂರು ರಾತ್ರಿ ಕಣ್ಣು ಮುಚ್ಚಲಾಗದಿದ್ದರೆ ಅದು ಬೇರೆ. ಬಾಣಂತಿ ಸನ್ನಿ, ಅಂದರೆ ಹೆರಿಗೆಯ ನಂತರದ ಸೈಕೋಸಿಸ್, ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣಿಸಿಕೊಳ್ಳುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರುವಾಗಿ, ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ತಾಯಿಗೆ ಮೊದಲೇ ಬೈಪೋಲಾರ್ ಇದ್ದರೆ, ಅಥವಾ ಹಿಂದಿನ ಹೆರಿಗೆಯಲ್ಲಿ ಇದೇ ಆಗಿದ್ದರೆ, ಅಪಾಯ ಹಲವು ಪಟ್ಟು ಹೆಚ್ಚು. ಅಂಥವರ ವಿಷಯದಲ್ಲಿ ಹೆರಿಗೆಗೆ ಮುಂಚೆಯೇ ಮನೋವೈದ್ಯರ ಜೊತೆ ಕೂತು ಮೊದಲ ಆರು ವಾರದ ಯೋಜನೆ ಬರೆದಿಟ್ಟುಕೊಳ್ಳಬೇಕು.

ಈ ಕಾಯಿಲೆಯ ಮೋಸವೆಂದರೆ ಏರಿಳಿತ. ಬೆಳಿಗ್ಗೆ ತಬ್ಬಿಬ್ಬಾಗಿದ್ದವರು ಮಧ್ಯಾಹ್ನ ನೆಟ್ಟಗೆ ಮಾತಾಡುತ್ತಾರೆ. ಮನೆಯವರು ಸರಿಹೋಯಿತು ಎಂದುಕೊಂಡು ಆಸ್ಪತ್ರೆಯನ್ನು ನಾಳೆಗೆ ಮುಂದೂಡುತ್ತಾರೆ. ಮುಂದೂಡಬೇಡಿ. ಇದು ಅವತ್ತೇ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ.

ಎರಡನೆಯದು, ಮಗುವಿನ ಬಗ್ಗೆ ಆಡುವ ಮಾತು. ಮಗು ಬದಲಾಗಿದೆ, ಇದು ನನ್ನ ಮಗುವಲ್ಲ, ಯಾರೋ ಇದನ್ನು ಹಿಂಸಿಸಲು ಬರುತ್ತಿದ್ದಾರೆ, ಮಗುವಿಗೆ ದೈವಶಕ್ತಿ ಇದೆ, ಇದರೊಳಗೆ ಕೆಟ್ಟದ್ದು ಸೇರಿಕೊಂಡಿದೆ, ಈ ಲೋಕದಲ್ಲಿ ನರಳುವುದಕ್ಕಿಂತ ನಾವಿಬ್ಬರೂ ಹೋಗಿಬಿಡುವುದೇ ವಾಸಿ. ಕೊನೆಯ ಮಾತು ಎಲ್ಲಕ್ಕಿಂತ ಗಂಭೀರ. 1969ರಲ್ಲಿ ಮನೋವೈದ್ಯ ಫಿಲಿಪ್ ರೆಸ್ನಿಕ್ ತಂದೆತಾಯಿಯ ಕೈಯಿಂದ ನಡೆಯುವ ಮಕ್ಕಳ ಹತ್ಯೆಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ಮುಖ್ಯವಾದ ಒಂದು, ಮಗುವನ್ನು ನೋವಿನಿಂದ ಪಾರುಮಾಡುತ್ತಿದ್ದೇನೆ ಎಂಬ ನಂಬಿಕೆಯಿಂದ ಮಾಡುವಂಥದ್ದು. ಹಾಗಾಗಿ ‘ಅವಳಿಗೆ ಮಗು ಅಂದರೆ ಪ್ರಾಣ, ಏನೂ ಮಾಡಲ್ಲ’ ಎನ್ನುವುದು ಸಮಾಧಾನದ ಮಾತೇ ಹೊರತು ರಕ್ಷಣೆಯಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಎಷ್ಟೋ ತಾಯಂದಿರಿಗೆ ‘ಮಗುವನ್ನು ಕೈಬಿಟ್ಟುಬಿಟ್ಟರೆ?’ ಎಂಬಂಥ ಬೇಡದ ಯೋಚನೆ ಪದೇಪದೇ ನುಗ್ಗುತ್ತದೆ. ಆ ಯೋಚನೆಗೆ ಅವರೇ ಹೆದರಿ ನಡುಗುತ್ತಾರೆ, ಮಗುವನ್ನು ಎತ್ತಿಕೊಳ್ಳಲೂ ಹಿಂಜರಿಯುತ್ತಾರೆ. ಇದು ಹೆಚ್ಚಾಗಿ ಆತಂಕ ಅಥವಾ ಗೀಳಿನ ಲಕ್ಷಣ. ಚಿಕಿತ್ಸೆ ಬೇಕು ನಿಜ, ಆದರೆ ಮಗುವನ್ನು ಕಿತ್ತುಕೊಳ್ಳುವ ಅಗತ್ಯವಿಲ್ಲ. ಸೈಕೋಸಿಸ್‌ನಲ್ಲಿ ಆ ಯೋಚನೆ ತಪ್ಪೆಂದು ಅನ್ನಿಸುವುದೇ ಇಲ್ಲ, ಮಾಡಲೇಬೇಕಾದ ಕೆಲಸದಂತೆ ಕಾಣುತ್ತದೆ. ಯಾವುದು ಯಾವುದೆಂದು ಮನೆಯವರೇ ತೀರ್ಮಾನಿಸದೆ ಮನೋವೈದ್ಯರಿಗೆ ಬಿಡಿ.

ಕೇಳುವುದನ್ನು ನೇರವಾಗಿ ಕೇಳಿ. ‘ನಿನಗೆ ಯಾರದಾದರೂ ದನಿ ಕೇಳಿಸ್ತಿದೆಯಾ? ಮಗುವಿಗೆ ಏನಾದರೂ ಮಾಡು ಅಂತ ಹೇಳ್ತಿದೆಯಾ?’ ‘ಮಗು ಇರದಿದ್ದರೇ ಅದಕ್ಕೆ ಒಳ್ಳೆಯದು ಅನ್ನಿಸಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ. ಉತ್ತರಕ್ಕೆ ಗದರಬೇಡಿ, ವಾದಿಸಲೂಬೇಡಿ. ವಾದಿಸಿದರೆ ಭ್ರಮೆ ಕಡಿಮೆಯಾಗುವುದಿಲ್ಲ, ನಿಮ್ಮ ಮುಂದೆ ಹೇಳುವುದಷ್ಟೇ ನಿಲ್ಲುತ್ತದೆ.

ಪಾಳಿ

ಅಪಾಯದ ದಿನಗಳಲ್ಲಿ ರೋಗಿ ಮತ್ತು ಮಗು ಇಬ್ಬರೇ ಒಂದು ಕ್ಷಣವೂ ಇರಬಾರದು. ‘ಸ್ವಲ್ಪ ಹೊತ್ತು ತಾನೇ’ ಎನ್ನುವುದಕ್ಕೆ ಇಲ್ಲಿ ಜಾಗವಿಲ್ಲ. 24 ಗಂಟೆಯನ್ನು ಮೂರು ನಾಲ್ಕು ಪಾಳಿಯಾಗಿ ಹಂಚಿ, ಹೆಸರು ಬರೆದು ಗೋಡೆಗೆ ಅಂಟಿಸಿ. ಮುಂದಿನ ಪಾಳಿಯವರು ಅರ್ಧ ಗಂಟೆ ಮೊದಲೇ ಬರಲಿ. ‘ದಾರಿಯಲ್ಲಿದ್ದೇನೆ, ಐದು ನಿಮಿಷ’ ಎಂಬ ಫೋನನ್ನು ನಂಬಿ ಹೊರಡಬೇಡಿ. ಅವರು ಹೊಸಿಲು ದಾಟಿ ಒಳಗೆ ಬಂದು, ರಾತ್ರಿ ನಿದ್ದೆ ಎಷ್ಟಾಯಿತು, ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ, ಏನು ಮಾತಾಡಿದರು ಎಂಬ ಮೂರು ವಿಷಯ ಕೇಳಿಸಿಕೊಂಡ ಮೇಲೆಯೇ ಹಳಬರು ಚಪ್ಪಲಿ ಮೆಟ್ಟಲಿ.

ಪಾಳಿಗೆ ಯಾರನ್ನು ಸೇರಿಸಬಾರದು ಎಂಬುದೂ ಅಷ್ಟೇ ಮುಖ್ಯ. ಕಾಯಿಲೆಯೇ ಇಲ್ಲ, ಎಲ್ಲ ನಾಟಕ ಎನ್ನುವವರನ್ನು ಕೈಬಿಡಿ. ಅವರು ಬಾಗಿಲು ತೆರೆದಿಟ್ಟು ಪಕ್ಕದ ಮನೆಗೆ ಹೋಗುತ್ತಾರೆ. ಮಗುವನ್ನು ಎತ್ತಿಕೊಂಡು ಓಡಲಾಗದಷ್ಟು ವಯಸ್ಸಾದವರು ಒಬ್ಬರೇ ಸಾಲದು. ಹನ್ನೆರಡು ವರ್ಷದ ಅಕ್ಕನನ್ನು ತಮ್ಮನ ಕಾವಲಿಗೆ ಹಾಕುವುದಂತೂ ಕೂಡದು. ಅಪಾಯ ಅವಳಿಗೂ ಇದೆ, ಹೊರಲಾಗದ ಭಾರವನ್ನೂ ಅವಳ ತಲೆಗೆ ಕಟ್ಟಿದಂತಾಗುತ್ತದೆ.

ರಾತ್ರಿ ಮಗು ಬೇರೆ ಕೋಣೆಯಲ್ಲಿ, ಇನ್ನೊಬ್ಬರ ಪಕ್ಕದಲ್ಲಿ ಮಲಗಲಿ. ಇದರಿಂದ ಮಗುವಿಗೆ ರಕ್ಷಣೆ, ರೋಗಿಗೆ ಅಡ್ಡಿಯಿಲ್ಲದ ನಿದ್ದೆ. ಆ ನಿದ್ದೆಯೂ ಚಿಕಿತ್ಸೆಯ ಭಾಗವೇ. ಮಗುವಿಗೆ ಸ್ನಾನ ಮಾಡಿಸುವುದು, ಹೊರಗೆ ಕರೆದೊಯ್ಯುವುದು ಆ ದಿನಗಳಲ್ಲಿ ಬೇರೆಯವರ ಕೆಲಸ. ಮಾತ್ರೆ, ಕೀಟನಾಶಕ, ಹರಿತವಾದ ವಸ್ತು, ವಾಹನದ ಕೀಲಿ ಬೀಗದೊಳಗೆ ಇರಲಿ. ಬೀಗ ಹಾಕಿದೆವೆಂದು ಪಾಳಿಯ ಆಳನ್ನು ಕಡಿಮೆ ಮಾಡಬೇಡಿ.

ಇಷ್ಟು ಜನ ನಮ್ಮಲ್ಲಿಲ್ಲ ಎನ್ನುವವರೇ ಹೆಚ್ಚು. ಹಾಗಿದ್ದರೆ ಪಾಳಿಯ ಯೋಚನೆ ಬಿಟ್ಟು ಮಗುವನ್ನು ಸಂಬಂಧಿಕರ ಮನೆಗೆ ಕಳಿಸಿ, ಇಲ್ಲವೇ ರೋಗಿಯನ್ನು ಆಸ್ಪತ್ರೆಗೆ ಸೇರಿಸಿ. ಅರ್ಧಂಬರ್ಧ ಪಾಳಿ ಕಾವಲಿದೆ ಎಂಬ ಸುಳ್ಳು ಧೈರ್ಯವನ್ನಷ್ಟೇ ಕೊಡುತ್ತದೆ.

ಔಷಧ

ಮಾತ್ರೆಯ ಹೊಣೆ ಒಬ್ಬರದೇ ಇರಲಿ. ಇಬ್ಬರ ಹೊಣೆಯಾದರೆ ಅವರು ಕೊಟ್ಟಿರಬೇಕೆಂದು ಇವರು, ಇವರು ಕೊಟ್ಟಿರಬೇಕೆಂದು ಅವರು. ಏಳು ದಿನದ ಡಬ್ಬಿಯಲ್ಲಿ ತುಂಬಿಟ್ಟು, ನುಂಗಿದ ಮೇಲೆ ಎರಡು ಮಾತಾಡಿಸಿ. ನಾಲಿಗೆಯಡಿ ಇಟ್ಟುಕೊಂಡಿದ್ದರೆ ಮಾತಿನಲ್ಲೇ ಗೊತ್ತಾಗಬಹುದು. ಮಾತ್ರೆ ನಿಲ್ಲುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ: ಮಂಪರು, ತೂಕ, ನಡುಕದಂಥ ಅಡ್ಡಪರಿಣಾಮ; ಈಗ ಹುಷಾರಾಗಿದ್ದೇನೆ ಎಂಬ ಭಾವನೆ; ಇದರಲ್ಲಿ ವಿಷವಿದೆ ಎಂಬ ಸಂಶಯ. ಮೊದಲನೆಯದಕ್ಕೆ ಡೋಸ್ ಅಥವಾ ಔಷಧ ಬದಲಿಸಬಹುದು. ಮೂರನೆಯದು ಕಂಡರೆ, ಕೆಲವು ವಾರಗಳಿಗೊಮ್ಮೆ ಕೊಡುವ ದೀರ್ಘಕಾಲದ ಇಂಜೆಕ್ಷನ್ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

ಎರಡನೆಯದೇ ಅತ್ಯಂತ ಅಪಾಯಕಾರಿ. ಸೈಕೋಸಿಸ್‌ನ ಔಷಧ ಬಿಟ್ಟ ಮೊದಲ ಕೆಲವು ದಿನ ಮಂಪರು ಇಳಿದು ಮುಖ ಗೆಲುವಾಗುತ್ತದೆ. ನೋಡಿ, ಮಾತ್ರೆ ಬಿಟ್ಟ ಮೇಲೆಯೇ ಚೆನ್ನಾಗಿದ್ದಾರೆ ಎಂದು ಮನೆಯವರೂ ಸಂತೋಷಪಡುತ್ತಾರೆ. ಕಾಯಿಲೆ ವಾರಗಳ ನಂತರ ಮರಳಿದಾಗ ಮಾತ್ರೆ ನಿಂತದ್ದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಅನ್ನಂತೂ ಒಮ್ಮೆಗೇ ನಿಲ್ಲಿಸಲೇಬಾರದು. ಎದೆಹಾಲು ಕೊಡಬೇಕೆಂದು ಔಷಧವನ್ನು ತಾವಾಗಿಯೇ ಬಿಡುವುದೂ ಇದೇ ಸಾಲಿನ ತಪ್ಪು. ಹಾಲೂಡಿಸುತ್ತ ತೆಗೆದುಕೊಳ್ಳಬಹುದಾದ ಔಷಧಗಳಿವೆ. ಲಿಥಿಯಂ, ಕ್ಲೋಜಪಿನ್‌ನಂಥವುಗಳ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಮಗುವಿಗೆ ಬೇರೆ ಹಾಲು ಹಾಕಬಹುದು, ತಾಯಿಗೆ ಬದಲಿ ಇಲ್ಲ.

ಆಸ್ಪತ್ರೆಗೆ ಹೇಗೆ

ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಹಿಂದಿನ ಕಾಯಿಲೆ, ಈಗಿನ ಮಾತ್ರೆ, ಕಳೆದ ಐದು ರಾತ್ರಿಯ ನಿದ್ದೆ, ಮಗುವಿನ ಬಗ್ಗೆ ಆಡಿದ ಮಾತು ಅವರದೇ ಪದಗಳಲ್ಲಿ, ಮನೆಯ ಮಕ್ಕಳ ವಯಸ್ಸು. ರೋಗಿ ವೈದ್ಯರ ಮುಂದೆ ಹದಿನೈದು ನಿಮಿಷ ತನ್ನನ್ನು ತಾನೇ ಹಿಡಿದಿಟ್ಟುಕೊಳ್ಳಬಲ್ಲರು. ‘ಸ್ವಲ್ಪ ಮಂಕಾಗಿದ್ದಾರೆ’ ಎಂದು ನೀವೂ ನಾಜೂಕಾಗಿ ಹೇಳಿದರೆ ನಿದ್ದೆಮಾತ್ರೆ ಬರೆಸಿಕೊಂಡು ವಾಪಸ್ ಬರುತ್ತೀರಿ. ‘ಮಗು ಸತ್ತರೆ ವಾಸಿ ಎಂದು ನಿನ್ನೆ ರಾತ್ರಿ ಎರಡು ಸಲ ಹೇಳಿದರು’ ಎಂದು ಹೇಳಿ.

ರೋಗಿ ಒಪ್ಪದಿದ್ದರೂ ದಾರಿಯಿದೆ. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ನಾಮನಿರ್ದೇಶಿತ ಪ್ರತಿನಿಧಿ (ರೋಗಿ ತನ್ನ ಪರವಾಗಿ ನಿಲ್ಲಲೆಂದು ಹೆಸರಿಸಿದವರು) ಅರ್ಜಿ ಕೊಟ್ಟು, ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರೂ ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಿದರೆ 30 ದಿನದವರೆಗೆ ದಾಖಲಿಸಬಹುದು. ತಮಗೆ ಹಾನಿ ಮಾಡಿಕೊಳ್ಳಲು ಯತ್ನಿಸಿದ್ದು, ಇನ್ನೊಬ್ಬರಿಗೆ ತಮ್ಮ ಮೇಲೆ ಹಲ್ಲೆಯಾದೀತೆಂಬ ಭಯ ಹುಟ್ಟಿಸಿದ್ದು, ಇವೆಲ್ಲ ಅದಕ್ಕೆ ಆಧಾರ. ತುರ್ತಿದ್ದರೆ 94ನೇ ಸೆಕ್ಷನ್ ಕೆಳಗೆ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ರೋಗಿ ಚೆನ್ನಾಗಿರುವಾಗಲೇ ಬಿಳಿ ಹಾಳೆಯಲ್ಲಿ ಪ್ರತಿನಿಧಿಯ ಹೆಸರು ಬರೆಸಿ ಸಹಿ ಹಾಕಿಸಿಡಿ. ಇಲ್ಲದಿದ್ದರೂ ಸಂಬಂಧಿಕರು ಆ ಸ್ಥಾನದಲ್ಲಿ ನಿಲ್ಲಬಹುದು, ಆದರೆ ತವರಿನವರೋ ಗಂಡನ ಕಡೆಯವರೋ ಎಂಬ ಜಗಳದಲ್ಲಿ ಅಮೂಲ್ಯ ಗಂಟೆಗಳು ಹೋಗುತ್ತವೆ. ಸರಪಳಿಯಿಂದ ಕಟ್ಟಿಹಾಕುವುದು ಅದೇ ಕಾಯ್ದೆಯಡಿ ನಿಷಿದ್ಧ.

ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ 21ನೇ ಸೆಕ್ಷನ್. ಆದರೆ ಮಗುವಿಗೆ ಅಪಾಯವಿದೆ ಎಂದು ಚಿಕಿತ್ಸೆ ಕೊಡುವ ಮನೋವೈದ್ಯರಿಗೆ ಅನ್ನಿಸಿದರೆ ತಾತ್ಕಾಲಿಕವಾಗಿ ಬೇರ್ಪಡಿಸಬಹುದು. ಆ ತೀರ್ಮಾನವನ್ನು 15 ದಿನಕ್ಕೊಮ್ಮೆ ಪರಿಶೀಲಿಸಬೇಕು, ತಾಯಿಗೆ ಮೇಲ್ವಿಚಾರಣೆಯಲ್ಲಿ ಮಗುವನ್ನು ನೋಡುವ ಅವಕಾಶ ಇರಲೇಬೇಕು. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಫೋನ್ ಸಂಖ್ಯೆಗಳು ಗೋಡೆಯ ಮೇಲೆ ಪಾಳಿಪಟ್ಟಿಯ ಪಕ್ಕದಲ್ಲಿರಲಿ: ತುರ್ತಿಗೆ 112, ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಅಂದರೆ ಗುಣವಾಯಿತು ಎಂದಲ್ಲ, ಹಾಸಿಗೆಯಲ್ಲಿ ಇಟ್ಟುಕೊಳ್ಳುವ ಅಗತ್ಯ ಮುಗಿಯಿತು ಎಂದಷ್ಟೇ. ಪಾಳಿ ಮುಂದುವರಿಯಲಿ. ಮಗುವಿನ ಜವಾಬ್ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಮರಳಿ ಕೊಡಿ: ಮೊದಲು ಎಲ್ಲರ ನಡುವೆ ಎತ್ತಿಕೊಳ್ಳುವುದು, ಆಮೇಲೆ ಒಬ್ಬರ ಎದುರಿನಲ್ಲಿ ಉಣಿಸುವುದು, ನಂತರ ಪಕ್ಕದ ಕೋಣೆಯಲ್ಲಿ ಒಬ್ಬರಿರುವಾಗ ಅರ್ಧ ಗಂಟೆ. ಪ್ರತಿ ಮೆಟ್ಟಿಲಿಗೂ ವೈದ್ಯರ ಒಪ್ಪಿಗೆ ಇರಲಿ. ನಿದ್ದೆ ಮತ್ತೆ ಕೆಟ್ಟರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಇದು ಶಿಕ್ಷೆಯಲ್ಲ ಎಂದು ರೋಗಿಗೂ ಬಿಡಿಸಿ ಹೇಳಿ.

ದೊಡ್ಡ ಮಕ್ಕಳಿಗೆ ಸುಳ್ಳು ಹೇಳಬೇಡಿ. ‘ಅಮ್ಮನ ತಲೆಯೊಳಗೆ ಕಾಯಿಲೆ ಬಂದಿದೆ, ಅದಕ್ಕೇ ಹಾಗೆ ಮಾತಾಡ್ತಾಳೆ. ನೀನು ಏನೂ ತಪ್ಪು ಮಾಡಿಲ್ಲ. ಹೆದರಿಕೆ ಆದರೆ ಯಾರನ್ನೂ ಕೇಳದೆ ಪಕ್ಕದ ಮನೆಗೆ ಓಡು’ ಎಂದಷ್ಟು ಸಾಕು. ಪಕ್ಕದ ಮನೆಯವರಿಗೂ ಮೊದಲೇ ತಿಳಿಸಿರಿ. ಮರ್ಯಾದೆಯ ಪ್ರಶ್ನೆ ಎಂದು ಅವರಿಗೆ ಹೇಳದೇ ಇದ್ದರೆ, ಓಡಿಬಂದ ಮಗುವನ್ನು ಅವರೇ ಕೈಹಿಡಿದು ವಾಪಸ್ ಬಿಟ್ಟುಹೋಗುತ್ತಾರೆ.

ಕಾನೂನು ಏನು ನೋಡುತ್ತದೆ

ಅನಾಹುತ ಆಗಿಯೇ ಹೋದರೆ, ಕಾಯಿಲೆ ಇತ್ತು ಎಂಬುದೊಂದೇ ಆರೋಪಿಯನ್ನು ಬಿಡಿಸುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್, ಹಿಂದಿನ ದಂಡ ಸಂಹಿತೆಯ 84, ಇಂಗ್ಲೆಂಡಿನ 1843ರ ಮೆಕ್‌ನಾಟನ್ ನಿಯಮದ ವಂಶದ್ದು. ಕೃತ್ಯದ ಆ ಹೊತ್ತಿನಲ್ಲಿ, ಚಿತ್ತ ಅಸ್ವಸ್ಥವಾಗಿದ್ದ ಕಾರಣಕ್ಕೆ, ಮಾಡುತ್ತಿರುವುದೇನು ಎಂದೋ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದೋ ತಿಳಿಯಲಾರದ ಸ್ಥಿತಿಯಲ್ಲಿದ್ದರೇ ಎಂಬುದೇ ಪ್ರಶ್ನೆ. ಯೇಟ್ಸ್ ಪ್ರಕರಣದಲ್ಲಿ ಕಾಯಿಲೆ ಇತ್ತೆಂದು ಎರಡೂ ಕಡೆಯವರು ಒಪ್ಪಿದ್ದರು. ಆದರೂ 2002ರಲ್ಲಿ ಜ್ಯೂರಿ ತಪ್ಪಿತಸ್ಥೆ ಎಂದಿತು. ಸರ್ಕಾರದ ಕಡೆಯ ತಜ್ಞನ ಸಾಕ್ಷ್ಯದಲ್ಲಿ ಸುಳ್ಳು ಸಂಗತಿ ಸೇರಿತ್ತೆಂದು 2005ರಲ್ಲಿ ಆ ತೀರ್ಪು ರದ್ದಾಗಿ, 2006ರಲ್ಲಿ ಚಿತ್ತಸ್ವಾಸ್ಥ್ಯವಿಲ್ಲದ ಕಾರಣಕ್ಕೆ ನಿರ್ದೋಷಿ ಎಂದಾಯಿತು. ಅವಳನ್ನು ಮನೆಗೆ ಬಿಡಲಿಲ್ಲ, ಮಾನಸಿಕ ಆಸ್ಪತ್ರೆಗೆ ಕಳಿಸಿದರು.

ನಮ್ಮಲ್ಲಿ ಇದನ್ನು ಸಾಬೀತು ಮಾಡುವ ಹೊರೆ ಆರೋಪಿಯದು. ಆದರೆ ಸಂಶಯಕ್ಕೆ ಎಡೆಯಿಲ್ಲದಷ್ಟು ಬೇಡ, ಹೀಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಅದಕ್ಕಾಗಿ ಹಳೆಯ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಔಷಧದಂಗಡಿಯ ಬಿಲ್ಲು, ಕಳಿಸಿದ ಮೆಸೇಜುಗಳು ಯಾವುದನ್ನೂ ಎಸೆಯಬೇಡಿ. ಘಟನೆಯ ಮೊದಲು, ಆಗ ಮತ್ತು ಆಮೇಲೆ ನಡೆದುಕೊಂಡ ರೀತಿಯನ್ನು ನ್ಯಾಯಾಲಯ ಒಟ್ಟಾಗಿ ನೋಡುತ್ತದೆ. ಜಾಗವನ್ನು ತೊಳೆಯುವುದು, ಉಳಿದ ಮಕ್ಕಳಿಗೆ ಹೀಗೆ ಹೇಳು ಎಂದು ಕಲಿಸಿಕೊಡುವುದು, ಎರಡೂ ಅಪರಾಧವಾಗಬಹುದು ಮಾತ್ರವಲ್ಲ, ರೋಗಿಯ ವಾದವನ್ನೇ ಮುರಿಯುತ್ತವೆ. ವಿಚಾರಣೆ ಎದುರಿಸುವ ಸ್ಥಿತಿ ಈಗ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಮೊದಲ ದಿನಗಳಲ್ಲೇ ವಕೀಲರ ಮೂಲಕ ಎತ್ತಿಸಿ, ಮನೋವೈದ್ಯಕೀಯ ಪರೀಕ್ಷೆ ಕೇಳಿ.

ಮನೆಯವರ ಹೊಣೆಯೂ ಇದೆ. ಮಗು ಯಾರ ಸುಪರ್ದಿನಲ್ಲಿದೆಯೋ ಅವರು ಅದನ್ನು ಬೇಕೆಂದೇ ಕಡೆಗಣಿಸಿ ಅಪಾಯಕ್ಕೆ ಒಡ್ಡಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಅನ್ವಯಿಸಬಹುದು. ತಂದೆತಾಯಿ ನೋಡಿಕೊಳ್ಳಲು ಅಸಮರ್ಥರೆಂದು ಮಕ್ಕಳ ಕಲ್ಯಾಣ ಸಮಿತಿಗೆ ಕಂಡರೆ, ಮಗುವನ್ನು ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವೆಂದು ಪರಿಗಣಿಸಿ ವ್ಯವಸ್ಥೆ ಮಾಡುತ್ತದೆ. ಸಮಿತಿಯ ಬಾಗಿಲಿಗೆ ಮನೆಯವರೇ ಹೋಗಬಹುದು, ಅದರಲ್ಲಿ ನಾಚಿಕೆಯೇನಿಲ್ಲ.

ಅಸ್ವಸ್ಥಚಿತ್ತದ ಕಾರಣಕ್ಕೆ ಖುಲಾಸೆಯಾದವರನ್ನು ನ್ಯಾಯಾಲಯ ಸುರಕ್ಷಿತ ವಶದಲ್ಲಿ ಇಡಬಹುದು, ಇಲ್ಲವೇ ಜಾಮೀನು ಪಡೆದು ಸಂಬಂಧಿಕರಿಗೆ ಒಪ್ಪಿಸಬಹುದು. ಒಪ್ಪಿಸಿಕೊಳ್ಳುವವರು ಸರಿಯಾಗಿ ನೋಡಿಕೊಳ್ಳುತ್ತೇವೆ, ಅವರಿಂದ ಅವರಿಗಾಗಲಿ ಬೇರೆಯವರಿಗಾಗಲಿ ಹಾನಿಯಾಗದಂತೆ ತಡೆಯುತ್ತೇವೆ ಎಂದು ಬರೆದುಕೊಡಬೇಕು. ಕರುಣೆಯಿಂದ ಥಟ್ಟನೆ ಸಹಿ ಹಾಕುವ ಮೊದಲು ಯೋಚಿಸಿ: ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ, ಪಾಳಿಗೆ ಜನರಿದ್ದಾರೆಯೇ, ಮನೋವೈದ್ಯರು ಎಷ್ಟು ದೂರದಲ್ಲಿದ್ದಾರೆ? ಮಕ್ಕಳಿಲ್ಲದ ಮನೆಯ ಸಂಬಂಧಿಯೊಬ್ಬರು ಮುಂದೆ ಬಂದರೆ ಅದೇ ಒಳ್ಳೆಯದು. ಅಂಥವರು ಸಿಗದಿದ್ದರೆ, ಸದ್ಯಕ್ಕೆ ಆಸ್ಪತ್ರೆಯಲ್ಲೇ ಇರಲಿ ಎಂದು ನ್ಯಾಯಾಲಯಕ್ಕೆ ಬರೆದುಕೊಡಬಹುದು.