ಕುದಿಯುವ ಮೊದಲು, ಕುದಿದ ಮೇಲೆ: ಕಡಿಮೆ ಖರ್ಚಿನಲ್ಲಿ ಬಿಯರ್ ಸಲಕರಣೆ ಹೊಂದಿಸಿಕೊಂಡ ಬಗೆ

ಮನೆಯಲ್ಲಿಯೇ ಬಿಯರ್ ತಯಾರಿಸಬೇಕೆಂದು ತೀರ್ಮಾನಿಸಿದಾಗ ನಾನು ಮೊದಲು ಮಾಡಿದ್ದು ಒಂದು ಉದ್ದನೆಯ ಪಟ್ಟಿ. ಆಮೇಲೆ ಮಾಡಿದ್ದು, ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದ ವಸ್ತುವಿಗೆ ಕೈಯಲ್ಲಿದ್ದ ಹಣದ ಬಹುಪಾಲನ್ನು ಸುರಿದದ್ದು. ಕೆಳಗೆ ನಲ್ಲಿ, ಪಕ್ಕದಲ್ಲಿ ಥರ್ಮಾಮೀಟರ್, ಒಳಮೈಯಲ್ಲಿ ಅಳತೆಯ ಗೆರೆಗಳಿದ್ದ 30 ಲೀಟರಿನ ಸ್ಟೀಲ್ ಹಂಡೆ ಅದು. ಉಳಿದ ಚಿಲ್ಲರೆಯಲ್ಲಿ ಹುದುಗಿಸುವುದಕ್ಕೆ ನಲ್ಲಿಯಿರುವ ಒಂದು ಬಕೆಟ್ ತಂದೆ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು ಮುಂದಿನ ಬಾರಿಗೆಂದು ಬಿಟ್ಟೆ, ಸ್ಯಾನಿಟೈಸರಿನ ಕೆಲಸಕ್ಕೆ ಬಿಸಿನೀರೇ ಸಾಕೆಂದುಕೊಂಡೆ. ತಲಾ ಇಪ್ಪತ್ತು ಲೀಟರಿನ ಮೊದಲ ಎರಡು ಬ್ಯಾಚುಗಳೂ ಮೋರಿಯ ಪಾಲಾದವು. ಹಂಡೆಯಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಹಣ ಹಂಚಿದ ರೀತಿಯೇ ತಲೆಕೆಳಗಾಗಿತ್ತು.

ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಅದನ್ನು ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂವು ಸೇರಿಸಿ ಸಾಮಾನ್ಯವಾಗಿ ಒಂದು ಗಂಟೆ ಕುದಿಸುತ್ತೇವೆ. ಆ ಅವಧಿಯಲ್ಲಿ ಪಾತ್ರೆಯಿಂದಲೋ ಸೌಟಿನಿಂದಲೋ ಬಂದು ಸೇರಿದ, ಬಿಯರನ್ನು ಕೆಡಿಸಬಲ್ಲ ಸೂಕ್ಷ್ಮಾಣುಗಳು ಸಾಯುತ್ತವೆ. ಆದ್ದರಿಂದ ಕುದಿಯುವ ಹಂತದವರೆಗೆ ಬಳಸುವ ಸಾಮಾನು ಹಳೆಯದಾಗಿರಲಿ, ಸಾಧಾರಣದ್ದಾಗಿರಲಿ, ಬಿಯರಿಗೆ ಅದರಿಂದ ದೊಡ್ಡ ಕೇಡಿಲ್ಲ. ಉರಿ ಆರಿಸಿ ವರ್ಟ್ ತಣಿಯಲು ತೊಡಗಿದ ಮೇಲೆ ಸ್ಥಿತಿ ಬೇರೆ. ಆಗ ಅದು ಪೋಷಕಾಂಶ ತುಂಬಿದ ಸಕ್ಕರೆ ನೀರು. ಯೀಸ್ಟಿಗೆ ಎಷ್ಟು ರುಚಿಯೋ ಹುಳಿ ಹಿಡಿಸುವ ಬ್ಯಾಕ್ಟೀರಿಯಾಗಳಿಗೂ ಅಷ್ಟೇ ರುಚಿ. ಬಕೆಟ್, ಮುಚ್ಚಳ, ಕೊಳವೆ, ಬಾಟಲಿ ಹೀಗೆ ಅಲ್ಲಿಂದ ಮುಂದೆ ಅದನ್ನು ಮುಟ್ಟುವ ಪ್ರತಿಯೊಂದು ವಸ್ತುವೂ ಬಿಯರಿನ ಹಣೆಬರಹವನ್ನು ನಿರ್ಧರಿಸುತ್ತದೆ. ಈ ಗೆರೆ ನನಗೆ ಸ್ಪಷ್ಟವಾದ ಮೇಲೆ ಪಟ್ಟಿಯನ್ನು ಹರಿದುಹಾಕಿ ಹೊಸದನ್ನು ಬರೆದೆ: ಕುದಿಯುವವರೆಗಿನದಕ್ಕೆ ಆದಷ್ಟು ಕಡಿಮೆ ಹಣ, ಕುದಿದ ನಂತರದ್ದಕ್ಕೆ ಉಳಿದದ್ದೆಲ್ಲ. (ಪಟ್ಟಿಗಿಂತ ಮೊದಲು ನೋಡಬೇಕಾದದ್ದು ಇನ್ನೊಂದಿದೆ: ತಾವಿರುವಲ್ಲಿನ ಕಾನೂನು ಮನೆಯಲ್ಲಿ ಬಿಯರ್ ತಯಾರಿಸಲು ಅನುಮತಿ ನೀಡುತ್ತದೆಯೇ, ನೀಡಿದರೆ ಎಷ್ಟು ಪ್ರಮಾಣಕ್ಕೆ ಎಂಬುದು.)

ದೊಡ್ಡ ಹಂಡೆಯನ್ನು ಮಾರಿಬಿಟ್ಟೆ. ಮನೆಯಲ್ಲಿ ಮೊದಲೇ ಇದ್ದ 12 ಲೀಟರಿನ ಸ್ಟೀಲ್ ಪಾತ್ರೆ ಕೆಲಸಕ್ಕೆ ಬಂತು. ಬ್ಯಾಚನ್ನು 10 ಲೀಟರಿಗೆ ಇಳಿಸಿದರೂ ಅದರಲ್ಲಿ ಅಷ್ಟನ್ನೂ ಒಮ್ಮೆಗೇ ಕುದಿಸಲಾಗದು, ಏಕೆಂದರೆ ಕುದಿ ಬರುವ ಹೊತ್ತಿಗೆ ವರ್ಟ್ ನೊರೆಯೆದ್ದು ಹಾಲಿನಂತೆಯೇ ಉಕ್ಕುತ್ತದೆ. ಆದರೆ ರಸವನ್ನು ಒಣಗಿಸಿ ಮಾಡಿದ ಮಾಲ್ಟಿನ ಪುಡಿ ಎಕ್ಸ್‌ಟ್ರಾಕ್ಟ್ ಬಳಸುವವರಿಗೆ ಇದು ತೊಡಕಾಗುವುದಿಲ್ಲ: ಸುಮಾರು 1.2 ಕಿಲೋ ಪುಡಿಯನ್ನು 7 ಲೀಟರ್ ನೀರಿನಲ್ಲಿ ಕುದಿಸಿ, ಹಿಂದಿನ ದಿನವೇ ಕುದಿಸಿ ಮುಚ್ಚಿ ತಣ್ಣಗಾಗಿಸಿಟ್ಟ ನೀರನ್ನು ಬಕೆಟ್ಟಿನಲ್ಲಿ ಬೆರೆಸಿ 10 ಲೀಟರಿಗೆ ತಂದರೆ ಸಾಂದ್ರತೆ (ನೀರಿನದು 1.000) 1.045ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ನಡೆಯುತ್ತದೆ. ಅದರ ಒಳಮೈಯಲ್ಲಿ ಕಟ್ಟಿದ ಮಂಕು ಪದರವನ್ನು ಉಜ್ಜಿ ತೆಗೆಯಬಾರದು, ಅದಕ್ಕೆ ಕ್ಷಾರದ ಪುಡಿ ತಾಗಿಸಬಾರದು, ಅಷ್ಟೇ.

ಪ್ರಮಾಣವನ್ನು 20 ಲೀಟರಿನಿಂದ 10 ಲೀಟರಿಗೆ ಇಳಿಸಿದ್ದೇ ನನ್ನ ಅತಿ ದೊಡ್ಡ ಉಳಿತಾಯ. ಪ್ರಮಾಣ ಅರ್ಧವಾದಾಗ ಪಾತ್ರೆ ಚಿಕ್ಕದಾಗುತ್ತದೆ, ಸಾಮಾನ್ಯ ಒಲೆಯ ಉರಿಯೇ ಸಾಕಾಗುತ್ತದೆ, ತಣಿಸುವ ಯಂತ್ರ ಬೇಕಾಗುವುದಿಲ್ಲ, ತುಂಬಿದ ಬಕೆಟ್ಟನ್ನು ಒಬ್ಬರೇ ಎತ್ತಬಹುದು. ಕೆಟ್ಟುಹೋದರೂ ನಷ್ಟ ಅರ್ಧ. 11.5 ಗ್ರಾಮಿನ ಒಣ ಯೀಸ್ಟ್ ಪೊಟ್ಟಣದಲ್ಲಿ ಅರ್ಧ ಬಳಸಿ ಉಳಿದದ್ದನ್ನು ಗಾಳಿಯಾಡದಂತೆ ಮಡಚಿ ಫ್ರಿಜ್ಜಿನಲ್ಲಿಟ್ಟು ಬೇಗನೆ ಮುಗಿಸುತ್ತೇನೆ.

ಇನ್ನು ಬಕೆಟ್ಟಿನ ವಿಷಯ. ಆಹಾರಕ್ಕೆ ಯೋಗ್ಯವಾದ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ಕಿನದು, ತಳದಲ್ಲಿ ತ್ರಿಕೋನದೊಳಗೆ 2 ಎಂಬ ಗುರುತಿದ್ದದ್ದು, ಬಿಗಿಯಾಗಿ ಕೂರುವ ಮುಚ್ಚಳವಿದ್ದದ್ದು ಬೇಕು. ಆದರೆ ಆ ಗುರುತು ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ, ಆಹಾರಕ್ಕೆ ಯೋಗ್ಯವೇ ಎಂಬುದನ್ನು ಬೇರೆಯಾಗಿ ವಿಚಾರಿಸಬೇಕು. ಬೇರೇನನ್ನೋ ತುಂಬಿದ್ದ ಹಳೆಯ ಬಕೆಟ್ ಅಗ್ಗವೆಂದು ತರಬಾರದು, ಏಕೆಂದರೆ ಪ್ಲಾಸ್ಟಿಕ್ ವಾಸನೆಯನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಬಿಡುತ್ತಿರುತ್ತದೆ. 10 ಲೀಟರ್ ಬಿಯರಿಗೆ 13ರಿಂದ 15 ಲೀಟರಿನ ಬಕೆಟ್ ಸರಿ. ಹುದುಗು ಜೋರಾದಾಗ ಏಳುವ ನೊರೆಗೆ ಮೇಲೆ ಜಾಗವಿರಬೇಕು. ಗಾಜಿನ ದೊಡ್ಡ ಜಾಡಿ ನೋಡಲು ಚೆಂದ, ಗೀರು ಬೀಳುವುದಿಲ್ಲ, ವಾಸನೆ ಹಿಡಿಯುವುದಿಲ್ಲ; ಆದರೆ ಒದ್ದೆ ಕೈಯಿಂದ ಜಾರಿದರೆ ಬಿಯರಿನ ಜೊತೆಗೆ ಕಾಲೂ ಹೋದೀತು. ಬಿಸಿ ವರ್ಟ್ ಸುರಿದರೆ ಅದು ಸೀಳಿಕೊಳ್ಳುವುದೂ ಉಂಟು. ಎರಡು ಮೂರು ವಾರಗಳ ಹುದುಗುವಿಕೆಗೆ ಪ್ಲಾಸ್ಟಿಕ್ ಸಾಕೇ ಸಾಕು.

ನಲ್ಲಿಯಿರುವ ಬಕೆಟ್ ಅನುಕೂಲವೆಂದು ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ನನ್ನ ಎರಡನೆಯ ಬ್ಯಾಚ್ ಹುಳಿಯಾಗಿ, ಮೇಲೆ ಬಿಳಿಯ ಪೊರೆ ಕಟ್ಟಿದಾಗ, ಕಾರಣ ಹುಡುಕುತ್ತ ನಲ್ಲಿಯನ್ನು ತಿರುಗಿಸಿ ಬಿಚ್ಚಿದೆ. ಮರೆಯ ಸಂದುಗಳಲ್ಲಿ ಹಿಂದಿನ ಬ್ಯಾಚಿನ ಗಸಿ ಒಣಗಿ ಕಂದು ಬಣ್ಣದ ಅಂಟಾಗಿ ಕುಳಿತಿತ್ತು. ಬಕೆಟ್ಟನ್ನು ನಾನು ಚೆನ್ನಾಗಿಯೇ ತೊಳೆದಿದ್ದೆ. ನಲ್ಲಿ ಬಿಚ್ಚಲು ಬರುವ ವಸ್ತುವೆಂಬುದೇ ನನಗೆ ತೋಚಿರಲಿಲ್ಲ. ಆ ಮೇಲೆ ನಲ್ಲಿಯಿಲ್ಲದ ಬಕೆಟ್ ಕೊಂಡು, ಬಿಯರ್ ವರ್ಗಾಯಿಸುವುದಕ್ಕೆ ಕೈಯಿಂದ ಒತ್ತಿ ಹರಿವು ಶುರುಮಾಡುವ ಆಟೋ ಸೈಫನ್ ಮತ್ತು ಎರಡು ಮೀಟರ್ ಆಹಾರ ದರ್ಜೆಯ ಕೊಳವೆ ತಂದೆ. ಕೊಳವೆ ಅಗ್ಗದ ವಸ್ತು. ಒಳಗೆ ಮಸುಕು ಕಂಡ ಕೂಡಲೇ ಎಸೆದು ಹೊಸದನ್ನು ತರುತ್ತೇನೆ. ಬಕೆಟ್ಟಿಗೆ ನಾರು ಬ್ರಷ್ಷನ್ನಾಗಲಿ ಗಡಸು ಸ್ಪಂಜನ್ನಾಗಲಿ ತಾಗಿಸುವುದಿಲ್ಲ, ಏಕೆಂದರೆ ಗೀರಿನೊಳಗೆ ಅವಿತ ಸೂಕ್ಷ್ಮಾಣುವಿಗೆ ಯಾವ ದ್ರಾವಣವೂ ಸುಲಭವಾಗಿ ತಲುಪುವುದಿಲ್ಲ.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ ಎಂಬುದು ಆ ನಲ್ಲಿಯಿಂದಲೇ ಕಲಿತ ಪಾಠ. ಅಂಟಿದ ಕೊಳೆ ಮೊದಲು ಹೋಗಬೇಕು; ಅದಕ್ಕೆ ಬಿಸಿನೀರಿನಲ್ಲಿ ಸೋಡಿಯಂ ಪರ್ಕಾರ್ಬೊನೇಟ್ ಪುಡಿ ಕರಗಿಸಿ ನೆನೆಸಿಟ್ಟು, ಚೆನ್ನಾಗಿ ಜಾಲಿಸುತ್ತೇನೆ. ಅನಂತರವಷ್ಟೇ ಫಾಸ್ಫಾರಿಕ್ ಆಮ್ಲ ಆಧಾರಿತ, ಮತ್ತೆ ತೊಳೆಯುವ ಅಗತ್ಯವಿಲ್ಲದ ಸ್ಯಾನಿಟೈಸರ್. ನಾನು ಬಳಸುವುದು ಲೀಟರಿಗೆ ಸುಮಾರು 1.5 ಮಿಲಿ ಸಾಕಾಗುವಂಥದ್ದು. ಒಂದೆರಡು ನಿಮಿಷ ಮೇಲ್ಮೈ ಒದ್ದೆಯಾಗಿದ್ದರೆ ಕೆಲಸ ಮುಗಿಯಿತು. ಚಿಕ್ಕ ಬಾಟಲಿ ದುಬಾರಿ ಎನಿಸಿದರೂ, ಒಂದು ಲೀಟರ್ ಕಲಸಿ ಸ್ಪ್ರೇ ಬಾಟಲಿಯಲ್ಲಿ ತುಂಬಿಕೊಂಡರೆ ಒಂದಿಡೀ ಬ್ಯಾಚಿಗೆ ಆಗುತ್ತದೆ. ಬ್ಲೀಚ್ ಇದಕ್ಕಿಂತ ಅಗ್ಗ, ನಿಜ. ಆದರೆ ಅದು ಸ್ಟೀಲನ್ನು ತಿನ್ನುತ್ತದೆ, ಸರಿಯಾಗಿ ಜಾಲಿಸದಿದ್ದರೆ ಬಿಯರಿಗೆ ಆಸ್ಪತ್ರೆಯ ಬ್ಯಾಂಡೇಜಿನಂಥ ವಾಸನೆ ತರುತ್ತದೆ, ಆಮ್ಲದ ಜೊತೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಬಿಡುತ್ತದೆ. ಆಮ್ಲದ ಸ್ಯಾನಿಟೈಸರ್ ಇರುವ ಕೋಣೆಗೆ ನಾನು ಅದನ್ನು ತರುವುದೇ ಇಲ್ಲ.

ಮೊದಲ ಬ್ಯಾಚ್ ಕೆಟ್ಟದ್ದು ಬೇರೆ ಕಾರಣಕ್ಕೆ. ಮುಚ್ಚಳದಲ್ಲಿ ಕೂರಿಸಿದ, ಅನಿಲವನ್ನು ಹೊರಗೆ ಮಾತ್ರ ಬಿಡುವ ಏರ್‌ಲಾಕಿನಲ್ಲಿ ಗುಳ್ಳೆ ನಿಂತದ್ದನ್ನು ಕಂಡು, ಹುದುಗುವಿಕೆ ಮುಗಿಯಿತೆಂದು ಐದನೆಯ ದಿನವೇ ಬಾಟಲಿಗೆ ತುಂಬಿದೆ. ಮುಚ್ಚಳ ಸಡಿಲವಿದ್ದರೂ ಗುಳ್ಳೆ ನಿಲ್ಲುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ಉಳಿದಿದ್ದ ಸಕ್ಕರೆಯನ್ನು ಯೀಸ್ಟ್ ಬಾಟಲಿಯೊಳಗೇ ತಿಂದು ಮುಗಿಸಿ, ಅನಿಲ ತುಂಬಿಸಿತು. ಹತ್ತನೆಯ ದಿನ ರಾತ್ರಿ ಎರಡು ಬಾಟಲಿಗಳು ಒಡೆದವು, ಉಳಿದವನ್ನು ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು, ಒಂದೊಂದಾಗಿ ತೆರೆದು ಸುರಿದೆ. ಇಷ್ಟೆಲ್ಲವನ್ನೂ ತಪ್ಪಿಸಬಹುದಾಗಿದ್ದ ಹೈಡ್ರೋಮೀಟರಿನ ಬೆಲೆ ಆ ಹಂಡೆಯ ನಲ್ಲಿಗಿಂತ ಕಡಿಮೆ. ನೀರಿನಲ್ಲಿ ಅದು 1.000 ತೋರಿಸಬೇಕು; ತಂದ ದಿನವೇ, ಅದರ ಮೇಲೆ ನಮೂದಿಸಿದ ಉಷ್ಣತೆಯಲ್ಲಿ, ಪರೀಕ್ಷಿಸಿಕೊಳ್ಳುವುದು ಲೇಸು. ಯೀಸ್ಟ್ ಹಾಕುವ ಮೊದಲು 1.045, ಕೊನೆಯಲ್ಲಿ 1.010 ಇದ್ದರೆ, ವ್ಯತ್ಯಾಸವನ್ನು 131.25ರಿಂದ ಗುಣಿಸಿದಾಗ ಮದ್ಯಸಾರ ಸುಮಾರು ಶೇ. 4.6 ಎಂದು ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡು ಮೂರು ದಿನಗಳ ಅಂತರದಲ್ಲಿ ಎರಡು ಬಾರಿ ಅಳೆದಾಗ ಅಂಕಿ ಕದಲದಿದ್ದರೆ, ಮತ್ತು ಅದು ನಿರೀಕ್ಷಿಸಿದ ಮಟ್ಟಕ್ಕೆ ಇಳಿದಿದ್ದರೆ, ಬಾಟಲಿಗೆ ತುಂಬಬಹುದು. ಬೆಳಕು ಬಾಗುವ ಪ್ರಮಾಣದಿಂದ ಸಕ್ಕರೆಯನ್ನು ತಿಳಿಸುವ ರಿಫ್ರಾಕ್ಟೋಮೀಟರ್ ಕೆಲವೇ ಹನಿಯಲ್ಲಿ ಅಳೆಯುತ್ತದೆಂದು ಆಸೆಯಾಗುವುದು ಸಹಜ. ಮದ್ಯಸಾರ ಸೇರಿದ ಮೇಲೆ ಅದರ ಅಂಕಿಯನ್ನು ಲೆಕ್ಕ ಹಾಕಿ ತಿದ್ದಬೇಕಾಗುವುದರಿಂದ ಹೊಸಬರಿಗೆ ಹೈಡ್ರೋಮೀಟರೇ ಮೇಲು. ಗಾಜಿನದಾದ್ದರಿಂದ ಒಂದಲ್ಲ ಒಂದು ದಿನ ಒಡೆಯುತ್ತದೆ. ನಾನು ಎರಡನ್ನು ಇಟ್ಟುಕೊಂಡಿದ್ದೇನೆ.

ಮೂರನೆಯ ಬ್ಯಾಚ್ ಹುಳಿಯಾಗಲಿಲ್ಲ, ಒಡೆಯಲೂ ಇಲ್ಲ. ಆದರೆ ಬಣ್ಣ ತೆಳುಮಾಡುವ ದ್ರಾವಕದ ಘಾಟು ಹೊಡೆಯುತ್ತಿತ್ತು. ಕೋಣೆ 26 ಡಿಗ್ರಿ ಸೆಲ್ಸಿಯಸ್ ಇತ್ತು, ಹುದುಗುವಾಗ ಯೀಸ್ಟ್ ತಾನೇ ಬಿಸಿ ಹುಟ್ಟಿಸುವುದರಿಂದ ಬಕೆಟ್ಟಿನೊಳಗೆ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಹೆಚ್ಚೇ ಇದ್ದಿರಬೇಕು. ಏಲ್ ಎಂಬ ಬಗೆಯ ಬಿಯರಿನ ಸಾಮಾನ್ಯ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. ಉಷ್ಣತೆ ನಿಯಂತ್ರಕ ಜೋಡಿಸಿದ ಹಳೆಯ ಫ್ರಿಜ್ ಇದಕ್ಕೆ ಒಳ್ಳೆಯ ಉಪಾಯ, ಆದರೆ ನನ್ನ ಖರ್ಚಿನ ಮಿತಿಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ಹಾಗಾಗಿ ಮುಂದಿನ ಬ್ಯಾಚಿಗೆ ಬಕೆಟ್ಟನ್ನು ಅಗಲವಾದ ಟಬ್ಬಿನಲ್ಲಿಟ್ಟು, ಸುತ್ತ ಅರ್ಧದವರೆಗೆ ನೀರು ತುಂಬಿ, ಹತ್ತಿಯ ಹಳೆಯ ಬಟ್ಟೆ ಹೊದಿಸಿ, ನೀರು ತುಂಬಿ ಮಂಜುಗಟ್ಟಿಸಿದ ಪ್ಲಾಸ್ಟಿಕ್ ಬಾಟಲಿಗಳನ್ನು ಆ ನೀರಿನಲ್ಲಿ ಬೆಳಗ್ಗೆ ಎರಡು, ಸಂಜೆ ಎರಡು ಬದಲಾಯಿಸುತ್ತ ಬಂದೆ. ಹೊರಮೈಗೆ ಅಂಟಿಸುವ ಪಟ್ಟಿ ಥರ್ಮಾಮೀಟರ್ 20ರ ಸುತ್ತಲೇ ನಿಂತಿತು. ಈ ಗೊಡವೆ ಮೊದಲ ನಾಲ್ಕು ದಿನಗಳಿಗೆ ಸಾಕು, ಏಕೆಂದರೆ ಅಡ್ಡವಾಸನೆಗಳು ಹೆಚ್ಚಾಗಿ ಹುಟ್ಟುವುದು ಆಗಲೇ. ಇಷ್ಟೂ ಬೇಡವೆನ್ನುವವರು ಯೀಸ್ಟನ್ನೇ ಬದಲಾಯಿಸಬಹುದು: ನಾರ್ವೆಯ ರೈತಮನೆಗಳಲ್ಲಿ ಉಳಿದುಬಂದಿರುವ ಕ್ವೈಕ್ ಯೀಸ್ಟುಗಳಲ್ಲಿ ಹಲವು 35 ಡಿಗ್ರಿಯಲ್ಲಿಯೂ ಘಾಟು ಬಿಡದೆ ಹುದುಗುತ್ತವೆ. 10–13 ಡಿಗ್ರಿ ಕೇಳುವ ಲಾಗರ್ ಬಗೆಯ ಬಿಯರಿನ ಯೀಸ್ಟಿನ ತಂಟೆಗೆ ಫ್ರಿಜ್ ಇಲ್ಲದೆ ಹೋಗಬಾರದು.

ಬಾಟಲಿಗಳಿಗೆ ನಾನು ಹಣ ಕೊಡಲಿಲ್ಲ. ಕುಡಿದು ಮುಗಿಸಿದ ಬಿಯರಿನ ಕಂದು ಬಾಟಲಿಗಳನ್ನು ಗೆಳೆಯರಿಂದ ಕೂಡಿಹಾಕಿದೆ. ಬೆಳಕು ತಾಗಿದರೆ ಹಾಪ್ಸಿನ ಕಹಿ ಅಂಶ ಒಡೆದು ಕೊಳಕು ವಾಸನೆ ಬರುವುದರಿಂದ ಬಣ್ಣವಿಲ್ಲದ ಮತ್ತು ಹಸಿರು ಬಾಟಲಿಗಳನ್ನು ಬಿಟ್ಟೆ. ತಿರುಗಿಸಿ ತೆಗೆಯುವ ಮುಚ್ಚಳದವುಗಳ ಬಾಯಿಗೆ ಒತ್ತಿ ಕೂರಿಸುವ ತಗಡಿನ ಕ್ರೌನ್ ಮುಚ್ಚಳ ನೆಚ್ಚಿಕೆಯಾಗಿ ಕೂರದ ಕಾರಣ ಅವನ್ನೂ ಬಿಟ್ಟೆ. 9 ಲೀಟರ್ ಬಿಯರಿಗೆ 330 ಮಿಲಿಯ 27 ಬಾಟಲಿ ಬೇಕು. ಕೊಂಡದ್ದು ಮುಚ್ಚಳ ಒತ್ತುವ ಎರಡು ಹಿಡಿಯ ಕ್ಯಾಪರ್, ಹೊಸ ಮುಚ್ಚಳಗಳು, ತುದಿಯಲ್ಲಿ ಸ್ಪ್ರಿಂಗ್ ಇರುವ ತುಂಬುಕೊಳವೆ. ಪ್ರತಿ ಸಲವೂ ಒಂದು ಬಾಟಲಿಯಷ್ಟನ್ನು ಸೋಡಾ ತುಂಬಿ ಬರುವ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬುತ್ತೇನೆ: ಅದನ್ನು ಹಿಸುಕಿದಾಗ ಕಲ್ಲಿನಂತೆ ಗಟ್ಟಿಯಾಗಿದ್ದರೆ ಉಳಿದವುಗಳಲ್ಲಿಯೂ ಅನಿಲ ತುಂಬಿದೆ ಎಂದರ್ಥ. ಬಾಟಲಿಯೊಳಗೆ ಈ ಅನಿಲ ಹುಟ್ಟಲೆಂದು ತುಂಬುವಾಗ ಹಾಕುವ ಸಕ್ಕರೆ ಲೀಟರ್ ಬಿಯರಿಗೆ ಸುಮಾರು 6 ಗ್ರಾಂ. ಚಮಚದ ಅಂದಾಜು ಇಲ್ಲಿ ಅಪಾಯ, ಆದ್ದರಿಂದ ಚಿಕ್ಕದೊಂದು ಡಿಜಿಟಲ್ ತಕ್ಕಡಿ ಬೇಕೇ ಬೇಕು. ಹಾಪ್ಸಿಗೂ ಅದೇ ಆಗುತ್ತದೆ.

ಆರನೆಯ ಬ್ಯಾಚಿನ ನಂತರ ಇಡೀ ಮಾಲ್ಟನ್ನೇ ನೆನೆಸಿ ರಸ ತೆಗೆಯುವ ಆಸೆಯಾಯಿತು. ಅದಕ್ಕೆ ಕೊಂಡದ್ದು ಶಾಖ ತಡೆಯುವ ತೆಳು ಜಾಲರಿ ಬಟ್ಟೆಯ ಒಂದು ಚೀಲ, ಅಷ್ಟೇ. ನುಚ್ಚು ಮಾಡಿಸಿದ 2.2 ಕಿಲೋ ಮಾಲ್ಟನ್ನು ಅದರಲ್ಲಿ ಹಾಕಿ, 8 ಲೀಟರ್ ನೀರಿನಲ್ಲಿ 66 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಪಾತ್ರೆಯನ್ನು ಕಂಬಳಿಯಿಂದ ಸುತ್ತುತ್ತೇನೆ. ಚೀಲ ಎತ್ತಿದ ಮೇಲೆ ಇನ್ನಷ್ಟು ಬಿಸಿನೀರು ಹೊಯ್ದು ಉಳಿದ ಸಿಹಿಯನ್ನು ಇಳಿಸುತ್ತೇನೆ. ಹೀಗೆ ಬರುವ ರಸ ಒಂದೇ ಪಾತ್ರೆಗೆ ಹಿಡಿಸದೆ ಎರಡು ಪಾತ್ರೆಗಳಲ್ಲಿ ಕುದಿಸಬೇಕಾಗುತ್ತದೆ, ಮತ್ತು ಮಾರಿದ ಆ ಹಂಡೆ ನೆನಪಾಗುವುದು ಆ ಒಂದು ಗಂಟೆ ಮಾತ್ರ. ತಣಿಸುವ ತಾಮ್ರದ ಸುರುಳಿಯನ್ನು ಇನ್ನೂ ಕೊಂಡಿಲ್ಲ. ಪಾತ್ರೆಗಳನ್ನು ಮುಚ್ಚಿ, ಹುದುಗಿಸುವ ಅದೇ ಟಬ್ಬಿನ ತಣ್ಣೀರಿನಲ್ಲಿ ಕೂರಿಸಿ, ನೀರನ್ನು ಎರಡು ಬಾರಿ ಬದಲಾಯಿಸಿ, ಮೂರನೆಯ ಬಾರಿಗೆ ಮಂಜುಗಡ್ಡೆ ಹಾಕಿದರೆ, ಮುಕ್ಕಾಲು ಗಂಟೆಯಲ್ಲಿ ವರ್ಟ್ 20 ಡಿಗ್ರಿಗೆ ಬರುತ್ತದೆ; ಅಷ್ಟು ಹೊತ್ತಿಗೆ ನಾನು ಬಕೆಟ್, ಮುಚ್ಚಳ ಮತ್ತು ಏರ್‌ಲಾಕಿಗೆ ಸ್ಯಾನಿಟೈಸರ್ ಸಿಂಪಡಿಸಿ ಮುಗಿಸಿರುತ್ತೇನೆ.